ಕಿರುಚುವ ರೋಲರಿಗೆ ಕೀಲೆಣ್ಣೆ ಮದ್ದಲ್ಲ

ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ನಿಂತು ಬೇಸಿಗೆ ಬಂದಿತೆಂದರೆ ಆದೋನಿ, ಆಲೂರು, ಕೌತಾಳಂ, ಹೊಳಗುಂದ ಸೀಮೆಯ ನಮ್ಮ ಹಳ್ಳಿಗಳಲ್ಲಿ ಯಂತ್ರಗಳ ಓಡಾಟ ಮೊದಲಾಗುತ್ತದೆ. ಕಾಲುವೆಯ ಹೂಳು ತೆಗೆಯುವುದು, ಕೆರೆಯ ಗೋಡು ಎತ್ತುವುದು, ಹೊಲದಲ್ಲಿ ಹೊಂಡ ತೋಡುವುದು, ಬದು ಹಾಕುವುದು, ಎಲ್ಲಕ್ಕೂ ಕಬ್ಬಿಣದ ಚೈನಿನ ಮೇಲೆ ನಡೆಯುವ ಯಂತ್ರವೇ ಬೇಕು. ಯಾವ ಕಂಪನಿಯದಾದರೂ ಸರಿ, ನಾವು ಅದನ್ನು ಹಿಟಾಚಿ ಎಂದೇ ಕರೆಯುತ್ತೇವೆ. ನೂರಾಳಿನ ಕೆಲಸವನ್ನು ಒಂದೇ ಯಂತ್ರ ಮಾಡುವುದು ನಮಗೆ ಸಂತೋಷವೇ. ಆದರೆ ಅದು ಊರೊಳಗೆ ಹಾಯುವಾಗ ಅಡಿಯಿಂದ ಹೊರಡುವ ಕಿರುಚಾಟವನ್ನು ನಾವು ಯಂತ್ರದ ಹುಟ್ಟುಗುಣವೆಂದು ಸಹಿಸಿಕೊಂಡಿದ್ದೇವೆ. ಇದು ಸರಿಯಲ್ಲ. ಆ ಸದ್ದಿನ ಬಹುಪಾಲು ಅಲಕ್ಷ್ಯದ ಫಲ.

ಬಂಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುವುದು ಹಿರಿಯರಿಂದ ಬಂದ ಪಾಠ. ಅದೇ ಪಾಠವನ್ನು ನೆನೆದು ಕೆಲವರು ಹಿಟಾಚಿಯ ಚೈನಿಗೂ ಹಳೆಯ ಎಂಜಿನ್ ಎಣ್ಣೆ ಸುರಿಯುತ್ತಾರೆ. ಒಂದು ದಿನ ಸದ್ದು ತಗ್ಗಬಹುದು. ಆಮೇಲೆ ಆ ಎಣ್ಣೆಗೆ ಧೂಳು ಮರಳು ಅಂಟಿ ಸಾಣೆಯಂತೆ ಕಬ್ಬಿಣವನ್ನು ತೇಯುತ್ತವೆ. ಬಂಡಿಯ ಅಚ್ಚು ತೆರೆದದ್ದು, ರೋಲರ್ ಮುಚ್ಚಿದ್ದು. ಈ ಭೇದವನ್ನು ರೈತ ಬಂಧುಗಳು ಮನಗಾಣಬೇಕು.

ಇಪ್ಪತ್ತು ಟನ್ ತೂಕದ ಯಂತ್ರಕ್ಕೆ ಒಂದೊಂದು ಬದಿಯಲ್ಲಿ ಸಾಮಾನ್ಯವಾಗಿ ಏಳೆಂಟು ಕೆಳ ರೋಲರುಗಳೂ ಎರಡು ಮೇಲಿನ ರೋಲರುಗಳೂ ಇರುತ್ತವೆ. ಯಂತ್ರದ ಭಾರವೆಲ್ಲ ಕೆಳಗಿನವುಗಳ ಮೇಲೆ. ಪ್ರತಿ ರೋಲರಿನ ಒಳಗೆ ಅಚ್ಚು, ಬುಷ್ ಮತ್ತು ಎಣ್ಣೆ ಇದ್ದು, ಎಣ್ಣೆ ಹೊರಬಾರದಂತೆ ಎರಡೂ ತುದಿಗಳಲ್ಲಿ ಸೀಲುಗಳನ್ನು ಕೂರಿಸಿರುತ್ತಾರೆ. ಸೀಲು ಕೆಟ್ಟರೆ ಎಣ್ಣೆ ಸೋರುತ್ತದೆ, ಬುಷ್ ಒಣಗುತ್ತದೆ, ರೋಲರ್ ಕಿರುಚುತ್ತದೆ. ಆಗಲೂ ಬಿಟ್ಟರೆ ಅದು ತಿರುಗುವುದನ್ನೇ ನಿಲ್ಲಿಸುತ್ತದೆ. ಚೈನು ಅದರ ಮೇಲೆ ಉಜ್ಜಿ ಉಜ್ಜಿ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ.

ನಮ್ಮ ಎರೆಮಣ್ಣಿಗೂ ಇದರಲ್ಲಿ ಪಾಲುಂಟು. ಹಸಿಯಾಗಿದ್ದಾಗ ಅಂಟಿನಂತೆ ಹಿಡಿಯುವ ಈ ಮಣ್ಣು ರೋಲರುಗಳ ಸಂದಿಯಲ್ಲಿ ತುಂಬಿ, ರಾತ್ರಿ ಕಳೆದು ಬಿಸಿಲೇರುವಷ್ಟರಲ್ಲಿ ಇಟ್ಟಿಗೆಯಾಗುತ್ತದೆ. ಮರುದಿನ ರೋಲರ್ ತಿರುಗದು, ಚೈನು ಅಳತೆ ಮೀರಿ ಬಿಗಿಯುತ್ತದೆ, ಸದ್ದೂ ಸವೆತವೂ ಒಟ್ಟಿಗೆ ಹೆಚ್ಚುತ್ತವೆ. ಚೈನಿನ ಯಂತ್ರದ ದುರಸ್ತಿ ಖರ್ಚಿನಲ್ಲಿ ಅರ್ಧದಷ್ಟು ಈ ಅಡಿಭಾಗಕ್ಕೇ ಹೋಗುತ್ತದೆಂಬುದು ಈ ಕಸುಬಿನವರ ಸಾಮಾನ್ಯ ಲೆಕ್ಕ. ಸಂಜೆ ಸಲಿಕೆಯಲ್ಲಿ ಹೋಗುವ ಮಣ್ಣನ್ನು ಬಿಟ್ಟು, ಮುಂದೆ ರೋಲರನ್ನೇ ಬದಲಿಸುವುದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದಂತೆ.

ಹಾಗಾದರೆ ಮಾಡತಕ್ಕದ್ದೇನು?

ಒಂದು: ಪ್ರತಿದಿನ ಕೆಲಸ ಮುಗಿದೊಡನೆ, ಮಣ್ಣು ಹಸಿಯಾಗಿರುವಾಗಲೇ ಅಡಿಭಾಗವನ್ನು ಶುಚಿ ಮಾಡಬೇಕು. ಬಕೆಟ್ಟನ್ನು ನೆಲಕ್ಕೊತ್ತಿ ಒಂದು ಬದಿಯ ಚೈನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರೆ ಬಹಳಷ್ಟು ಮಣ್ಣು ಉದುರುತ್ತದೆ. ಆಗ ಯಾರೂ ಹತ್ತಿರ ನಿಲ್ಲಕೂಡದು. ಆಮೇಲೆ ಚೈನನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಉಳಿದದ್ದನ್ನು ಸಲಿಕೆಯಿಂದ ತೆಗೆಯಬೇಕು.

ಎರಡು: ಶುಚಿ ಮಾಡುವಾಗಲೇ ರೋಲರುಗಳನ್ನು ನೋಡಬೇಕು. ತುದಿಯಲ್ಲಿ ಎಣ್ಣೆಯ ಕಲೆಗೆ ಧೂಳು ಮೆತ್ತಿದ್ದರೆ ಸೀಲು ಸೋರುತ್ತಿದೆ. ನಡೆದು ಬಂದ ಯಂತ್ರದಲ್ಲಿ ಉಳಿದವುಗಳಿಗಿಂತ ಒಂದು ರೋಲರ್ ಹೆಚ್ಚು ಕಾದಿದ್ದರೆ ಅದು ಒಳಗೆ ಒಣಗಿರುವ ಸಂಭವವುಂಟು. ಮುಟ್ಟದೆ ಕೈ ಸಮೀಪ ಹಿಡಿದರೇ ಬಿಸಿ ತಿಳಿಯುತ್ತದೆ.

ಮೂರು: ಚೈನಿನ ಬಿಗಿ ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು. ತೀರ ಸಡಿಲಾದರೆ ಬಡಿಯುತ್ತದೆ, ತೀರ ಬಿಗಿಯಾದರೆ ತೇಯುತ್ತದೆ. ಗ್ರೀಸಿನ ಒತ್ತಡದಿಂದ ನಡೆಯುವ ಈ ಬಿಗಿಯನ್ನು ಬಲ್ಲವರೇ ಸರಿಪಡಿಸಲಿ. ಆ ವಾಲ್ವಿನ ಎದುರು ಮುಖವಿಟ್ಟು ಕೂರುವುದು ಪ್ರಾಣಕ್ಕೇ ಅಪಾಯ.

ನಾಲ್ಕು: ದೂರದ ಹೊಲಕ್ಕೆ ಯಂತ್ರವನ್ನು ಡಾಂಬರು ರಸ್ತೆಯ ಮೇಲೆ ನಡೆಸದೆ ಟ್ರೈಲರಿನಲ್ಲಿ ಒಯ್ಯಬೇಕು. ನಡೆಸಲೇಬೇಕಾದಲ್ಲಿ ನಿಧಾನವಾಗಿ ನಡೆಸಬೇಕು.

ಇದು ಬಾರದ ವಿದ್ಯೆಯೇನೂ ಅಲ್ಲ. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿ ಪಟ್ಟಣದಲ್ಲಿ ಬುಲ್‌ಡೋಜರುಗಳನ್ನು ತಯಾರಿಸುತ್ತಿದೆ. ಧಾರವಾಡದಲ್ಲಿ ತೋಡುವ ಯಂತ್ರಗಳ ಕಾರ್ಖಾನೆಯೇ ಇದೆ. ನಮ್ಮವರ ಕೈಯಲ್ಲೇ ಸಿದ್ಧವಾಗುವ ಯಂತ್ರದ ಮರ್ಮ ನಮ್ಮ ರೈತನಿಗೆ ತಿಳಿಯದಿರಬೇಕೆ?

ನಿಜವಾದ ತೊಡಕು ಬೇರೆ. ಬಾಡಿಗೆ ಗಂಟೆಯ ಲೆಕ್ಕದ್ದು. ಶುಚಿ ಮಾಡುವ ಹದಿನೈದು ನಿಮಿಷಕ್ಕೆ ಹಣ ಕೊಡಲು ಹೊಲದವನಿಗೆ ಮನಸ್ಸಿಲ್ಲ. ಹಣ ಬಾರದ ಕೆಲಸ ಮಾಡಿಸಲು ಯಂತ್ರದವನಿಗೆ ಮನಸ್ಸಿಲ್ಲ. ಈ ಎಳೆದಾಟದಲ್ಲಿ ಮಣ್ಣು ಉಳಿಯುತ್ತದೆ. ನಮ್ಮ ಅಭಿಪ್ರಾಯವಿಷ್ಟು: ಹಸಿ ಎರೆಯಲ್ಲಿ ದುಡಿಸಿದ ದಿನ ಆ ಹದಿನೈದು ನಿಮಿಷವನ್ನು ಹೊಲದವನು ಬಾಡಿಗೆಯಲ್ಲೇ ಸೇರಿಸಲಿ, ಸೋರುವ ರೋಲರನ್ನು ಬದಲಿಸುವ ಹೊಣೆ ಯಂತ್ರದವನದಿರಲಿ. ಮಾತು ಕೆಲಸಕ್ಕೆ ಮುಂಚೆಯೇ ಆಗಲಿ.

ಕೆಲಸ ನಡೆದರೆ ಸಾಕು, ಸದ್ದಿನಿಂದೇನು ಎನ್ನುವವರಿಗೊಂದು ಮಾತು. ಆ ಯಂತ್ರದಲ್ಲಿ ದಿನವಿಡೀ ಕೂರುವವನು ನಮ್ಮ ನಿಮ್ಮ ಮನೆಯ ಹುಡುಗ. ಕಾರ್ಖಾನೆಯಲ್ಲಾದರೆ ದಿನಕ್ಕೆ 8 ಗಂಟೆಗೆ 90 ಡೆಸಿಬಲ್ ಎಂಬ ಮಿತಿಯುಂಟು. ಹೊಲದಲ್ಲಿ ಅಳೆಯುವವರು ಯಾರು? ಹೋದ ಕಿವಿ ಮರಳಿ ಬಾರದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ಶಾಲೆಯ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಬಹುದು. 2010ರ ತಿದ್ದುಪಡಿಯಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಜನವಸತಿಯಲ್ಲೂ ನಿಶ್ಶಬ್ದ ವಲಯದಲ್ಲೂ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ನಡೆಸಕೂಡದು. ಪಾಠ ಹೇಳುವ ನಮಗೆ ಇದರ ಬೆಲೆ ಗೊತ್ತು: ಕಿಟಕಿಯಾಚೆ ಚೈನು ಕಿರುಚುವಾಗ ಹಿಂದಿನ ಸಾಲಿನ ಮಗುವಿಗೆ ಮಗ್ಗಿ ಕೇಳಿಸದು.

ಕಬ್ಬಿಣದ ಚೈನು ಪೂರ್ತಿ ಮೌನವಾಗುವುದಿಲ್ಲ, ಎಂಜಿನ್ನಿನ ಗುಡುಗೂ ನಿಲ್ಲುವುದಿಲ್ಲ. ಆದರೆ ಕಿರುಚಾಟ ತಗ್ಗಿದರೆ ಯಂತ್ರ ಬಾಳುತ್ತದೆ, ಹುಡುಗನ ಕಿವಿ ಉಳಿಯುತ್ತದೆ, ಊರಿಗೆ ನೆಮ್ಮದಿಯಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಬಾಡಿಗೆಯ ದರ ಕೇಳುವ ಮುನ್ನ ರೈತ ಬಂಧುಗಳು ಒಮ್ಮೆ ಬಗ್ಗಿ ರೋಲರುಗಳನ್ನು ನೋಡುವರೆಂದು ಆಶಿಸುತ್ತೇವೆ.