ಹೊಳಿ ನಮ್ಮದು, ಕಾನೂನು ಮಾತ್ರ ಗೋವಾದವರದೇ?

ಮಹದಾಯಿ ನೀರನ್ನು ಮಲಪ್ರಭೆಗೆ ತರುವ ಕಳಸಾ-ಬಂಡೂರಿ ಯೋಜನೆ ಎಂದರೆ ಸಾಕು, ಸವದತ್ತಿಯಿಂದ ರಾಮದುರ್ಗದವರೆಗೆ ಚಹಾದಂಗಡಿಗಳಲ್ಲಿ ಮಾತು ಬಿಸಿಯೇರುತ್ತದೆ. ‘ಪರಿಸರದ ನೆಪ ಹೇಳಿ ಗೋವಾದವರು ನಮ್ಮ ನೀರು ತಡೆದರು’ ಎಂಬ ಮಾತಿಗೆ ಎಲ್ಲ ಪಕ್ಷದವರೂ ತಲೆಯಾಡಿಸುತ್ತಾರೆ. ಸಿಟ್ಟಿಗೆ ಕಾರಣವಿಲ್ಲವೆಂದಲ್ಲ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್‌ನಲ್ಲಿ ಬಂತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಯನ್ನೂ ಒಪ್ಪಿತು. ಆಮೇಲೆ ಕಡತ ವನ್ಯಜೀವಿ ಮಂಡಳಿಯ ಬಾಗಿಲಲ್ಲಿ ಕೂತಿತು.

ಆ ನೀರು ಬರಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಪರಿಸರ ಕಾನೂನು ಗೋವಾದವರ ಕೈಯ ಬಡಿಗೆ ಎಂದು ನಾವು ನಂಬಿ ಕೂತದ್ದರಿಂದ ಮಲಪ್ರಭೆಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ.

ನಮ್ಮ ವಾದದಲ್ಲೇ ಒಂದು ಬಿರುಕಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ನೀರಾವರಿ ಯೋಜನೆಗೆ ಪರಿಸರ ಅನುಮತಿ ಬೇಕು, ಬರೀ ಕುಡಿಯುವ ನೀರಿಗೆ ಬೇಡ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದೇ ಆಧಾರದ ಮೇಲೆ ಕಳಸಾ-ಬಂಡೂರಿಗೆ ಅನುಮತಿ ಬೇಡ ಎಂದು ಪತ್ರ ಕೊಟ್ಟಿತು. ಗೋವಾ ಗದ್ದಲ ಎಬ್ಬಿಸಿದ ಮೇಲೆ ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿಯಿತು. ದಿಲ್ಲಿಯಲ್ಲಿ ಮಹದಾಯಿ ಕುಡಿಯುವ ನೀರು, ಇಲ್ಲಿನ ಚುನಾವಣಾ ವೇದಿಕೆಯಲ್ಲಿ ಹೊಲದ ನೀರು. ಎದುರು ಪಕ್ಷದ ವಕೀಲನಿಗೆ ಇನ್ನೇನು ಬೇಕು?

ಇಷ್ಟಕ್ಕೂ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಡ್ಯಾಮಿಗೆ 37 ಟಿಎಂಸಿಗೂ ಹೆಚ್ಚು ನೀರು ಹಿಡಿಸುತ್ತದೆ. ಮಹದಾಯಿಯಿಂದ ಬರಬೇಕಾದದ್ದು ಅದರ ಹತ್ತರಲ್ಲೊಂದು ಪಾಲು. ಉಳಿದ ಒಂಬತ್ತು ಪಾಲು ಹೊಳೆಯದ್ದೇ. ಅದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಕಲುಷಿತ ನದಿಗಳ ಪಟ್ಟಿಯಲ್ಲಿ ಕರ್ನಾಟಕದ 17 ನದಿಭಾಗಗಳಿದ್ದವು, ಅದರಲ್ಲಿ ಮಲಪ್ರಭೆಯೂ ಒಂದು. ಗಟಾರದ ನೀರನ್ನಾಗಲಿ ಕಾರ್ಖಾನೆಯ ನೀರನ್ನಾಗಲಿ ಹಾಗೇ ಹೊಳೆಗೆ ಬಿಡುವುದು 1974ರ ಜಲ ಕಾಯ್ದೆಯ 24ನೇ ಕಲಮಿನ ಪ್ರಕಾರ ನಿಷಿದ್ಧ. ಆ ಕಾಯ್ದೆಯನ್ನು ಮೊದಲು ಜಾರಿಗೆ ತಂದ ರಾಜ್ಯಗಳಲ್ಲಿ ನಮ್ಮದೂ ಇತ್ತು. ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಆ ಕಲಮಿಗಾಗಿ ರಸ್ತೆ ತಡೆ ನಡೆದದ್ದನ್ನು ನಾನಂತೂ ಕಂಡಿಲ್ಲ. ಕಬ್ಬಿನ ಬಾಕಿಗಾಗಿ ನಡೆದದ್ದು ಕಂಡಿದ್ದೇನೆ, ಅದು ನ್ಯಾಯವೇ.

ಡ್ಯಾಮಿನ ಕೆಳಗೆ ಕಥೆ ಬೇರೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿತು. ನೇಕಾರರ ಮಗ್ಗಗಳು ನೀರಲ್ಲಿ ನಿಂತವು. ಅಷ್ಟು ಮಳೆ ಬಿದ್ದದ್ದು ನಿಜ. ಆದರೆ ಹೊಳೆಗೆ ಹರಿಯಲು ಜಾಗ ಉಳಿದಿತ್ತೇ? ಬೇಸಿಗೆಯಲ್ಲಿ ಒಣಗುವ ಪಾತ್ರದೊಳಕ್ಕೆ ವರ್ಷ ವರ್ಷವೂ ಒಂದೊಂದು ಸಾಲು ಕಬ್ಬು ಇಳಿದಿದೆ, ಮಣ್ಣು ಏರಿಸಿ ಬದು ಹಾಕಿದ್ದಾರೆ. ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ನದಿಪಾತ್ರ ಸರ್ಕಾರದ ಸ್ವತ್ತು. ಒತ್ತುವರಿ ತೆರವಿಗೆ ದಿಲ್ಲಿ ಬೇಡ, ನ್ಯಾಯಮಂಡಳಿ ಬೇಡ, ತಹಶೀಲ್ದಾರರು ಸಾಕು. ತಹಶೀಲ್ದಾರರ ಮೇಲೆ ಯಾರ ಒತ್ತಡ ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತು.

ದೊಡ್ಡ ಸಕ್ಕರೆ ಕಾರ್ಖಾನೆ ವಿಸ್ತರಣೆಯಾಗುವಾಗ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ. ಅಲ್ಲಿ ನೌಕರಿ ಎಷ್ಟು, ಕಬ್ಬಿನ ದರ ಎಷ್ಟು ಎಂದು ಕೇಳುವವರು ಹೊಳೆಗೆ ಬಿಡುವ ನೀರು ಎಷ್ಟು ಎಂದೂ ಒಮ್ಮೆ ಕೇಳಬಹುದು. ಉತ್ತರ ಬಾರದಿದ್ದರೆ 2010ರ ಕಾಯ್ದೆಯ ಹಸಿರು ನ್ಯಾಯಮಂಡಳಿ ಇದೆ. ಪೀಠ ಚೆನ್ನೈಯಲ್ಲಿ ಎಂಬುದೊಂದೇ ಫಜೀತಿ. ಪರಿಹಾರ ಕೇಳದ ಅರ್ಜಿಗೆ ನಿಯಮದಲ್ಲಿಟ್ಟ ಶುಲ್ಕ 1000 ರೂಪಾಯಿ. ಮೊದಲ ಅರ್ಜಿಯಲ್ಲಿ ನವಿಲುತೀರ್ಥದಿಂದ ರಾಮದುರ್ಗದವರೆಗಿನ ನದಿಪಾತ್ರದ ಸರ್ವೆ ನಕ್ಷೆ ಕೇಳೋಣ. ಯಾರ ಕಬ್ಬು ಎಲ್ಲಿ ನಿಂತಿದೆ ಎಂಬುದು ಅದರಲ್ಲಿ ಬರುತ್ತದೆ. ನೀರಿನ ಹೋರಾಟದ ಮುಂದಾಳುಗಳ ಗದ್ದೆಯೂ ಸಿಕ್ಕರೆ ಸಿಗಲಿ.