ಹಳ್ಳಿಯೋ, ಹಲ್ಲಿಯೋ?



ನಮ್ಮ ಚಿಕ್ಕಯ್ಯನಛತ್ರದ ಆಸುಪಾಸಿನ ಕಾರ್ಖಾನೆಗಳಿಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಕೆಲಸಕ್ಕೆ ಬಂದವರಿದ್ದಾರೆ. ರಾತ್ರಿ 7 ಗಂಟೆಗೆ ಕೆಲವರು ನಮ್ಮ ಜಗಲಿಗೆ ಕನ್ನಡ ಕಲಿಯಲು ಬರುತ್ತಾರೆ. ಬ್ಯಾಂಕಿನಲ್ಲಿ ಲೆಕ್ಕ ಬರೆದ ಈ ಕೈ ಈಗ ಅಆಇಈ ತಿದ್ದಿಸುತ್ತದೆ. ಬಸ್ಸಿನ ಬೋರ್ಡು ಓದುವುದು, ನೋವು ಎಲ್ಲಿದೆಯೆಂದು ಡಾಕ್ಟರಿಗೆ ಹೇಳುವುದು, ಇಂಥವೇ ಪಾಠ.

ಒಂದು ದಿನ ಉತ್ತರ ಪ್ರದೇಶದವರೊಬ್ಬರು ಎದ್ದು ನಿಂತು, “ನನ್ನ ಹಲ್ಲಿ ತುಂಬಾ ದೂರ” ಅಂದರು. ನನ್ನ ಮೊಮ್ಮಗ ಗೋಡೆ ತೋರಿಸಿ, “ಇಲ್ಲೇ ಇದೆಯಲ್ಲಾ!” ಎಂದು ನಕ್ಕ. ತಪ್ಪು ಒಪ್ಪಿಕೊಳ್ಳಬೇಕು, ನಾನೂ ನಕ್ಕೆ. ಮಾರನೆಯ ದಿನದಿಂದ ಅವರು ಬರಲಿಲ್ಲ.

ನಾಲ್ಕನೆಯ ದಿನ ಮೊಮ್ಮಗನೊಂದಿಗೆ ಅವರ ರೂಮಿಗೆ ಹೋದೆ. ಬಿಸಿ ರೊಟ್ಟಿ ಕೊಟ್ಟರು. “ರೋಟಿ ಅಚ್ಛಾ ಹೈ” ಅಂದೆ. “ಅಚ್ಛೀ ಹೈ” ಎಂದು ಮೆಲ್ಲಗೆ ತಿದ್ದಿದರು. ನಮಗೆ ರೊಟ್ಟಿ ಬರೀ ‘ಅದು’, ಹಿಂದಿಯಲ್ಲಿ ಹೆಣ್ಣು!

“ಹಾಗಾದರೆ ಅಕ್ಕಿ?” ಮೊಮ್ಮಗ ಕೇಳಿದ.

“ಚಾವಲ್ ಗಂಡು.”

ಈ ಸಲ ಮೂವರೂ ಒಟ್ಟಿಗೆ ನಕ್ಕೆವು. ಅವರು ಮತ್ತೆ ಬಂದರು.

ಅವರಾಡುವ ಹಿಂದಿಯಲ್ಲಿ ‘ಳ’ ಇಲ್ಲ. ಒಡಿಯಾದಲ್ಲಿ ಇದೆ. ಅದಕ್ಕೇ ಒಡಿಶಾದ ಹುಡುಗನೇ ಈಗ ‘ಳ’ಕಾರದ ಮೇಷ್ಟ್ರು. ನಾಲಿಗೆಯ ತುದಿ ಮೇಲಕ್ಕೆ ಮಡಿಸಿ ತೋರಿಸುತ್ತಾನೆ.

ಮೊನ್ನೆ ಅವರು ತಡವರಿಸದೆ, “ನನ್ನ ಹಳ್ಳಿ ತುಂಬಾ ದೂರ” ಅಂದರು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. “ನೋಡಿ, ಸತ್ಯ ಅಂತಿದೆ” ಎಂದಳು ನಮ್ಮ ಮನೆಯಾಕೆ.

ನಿಮ್ಮ ತರಗತಿಗೆ ಬೇರೆ ಭಾಷೆಯ ಮಗು ಬಂದರೆ, ನಗುವ ಮೊದಲು ಅದರ ಭಾಷೆಯ ಒಂದು ಮಾತು ಕಲಿಯಿರಿ. ತಪ್ಪಾಗಲಿ, ಆಮೇಲೆ ಇಬ್ಬರೂ ಸೇರಿ ನಗಿ.