ತಂಗಳನ್ನ ಯಾರ ಪಾಲು?

ಇಟಲಿಯ ಅನ್ನದುಂಡೆ ನಮ್ಮ ಜಡೆಯವರೆಗೂ ಬಂದಿದೆ. ಹೋಟೆಲಿನ ದಾರಿಯಿಂದ ಬಂದದ್ದಲ್ಲ. ಬೆಂಗಳೂರಿನಲ್ಲಿ ಓದುವ, ದುಡಿಯುವ ಹೆಣ್ಣುಮಕ್ಕಳು ರಜೆಗೆ ಊರಿಗೆ ಬಂದಾಗ ಅವರ ಜೊತೆಗೆ ಬಂದದ್ದು. ಹೆಸರು ಅರಾಂಚಿನಿ. ಅನ್ನವನ್ನು ಹಿಸುಕಿ, ನಡುವೆ ಹೂರಣ ಇಟ್ಟು, ಉಂಡೆ ಕಟ್ಟಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುವ ತಿಂಡಿ. ಮೂಲದಲ್ಲಿ ಅದರ ಹೊಟ್ಟೆಯೊಳಗೆ ಮಾಂಸ, ಬಟಾಣಿ, ಚೀಸ್ ಇರುತ್ತದೆ. ಹೊರಗೆ ಮೊಟ್ಟೆಯ ಲೇಪ. ನಮ್ಮ ಹುಡುಗಿಯರು ಮಾಡುವುದು ಮಾಂಸ, ಮೊಟ್ಟೆ ಇರಲಿ, ಹಾಲು ತುಪ್ಪವೂ ಸೋಕದ 'ವೀಗನ್' ಬಗೆಯದು.

ಇದನ್ನು ಕಂಡು ನಮ್ಮ ಹೆಂಗಸರಲ್ಲಿ ಎರಡು ಪಕ್ಷವಾಗಿದೆ. ಒಂದು ಪಕ್ಷದವರಿಗೆ ಇದೊಂದು ದೊಡ್ಡ ವಿದ್ಯೆ. ಇಟಲಿಯ ಅಕ್ಕಿಯೇ ಬೇಕು, ಗೋಡಂಬಿಯಿಂದ ಮಾಡಿದ ಚೀಸಿನ ಪೊಟ್ಟಣವೇ ಬೇಕು, ಅದಕ್ಕಾಗಿ ಶಿವಮೊಗ್ಗದ ಅಂಗಡಿಗಳನ್ನು ಸುತ್ತಬೇಕು. ಇನ್ನೊಂದು ಪಕ್ಷದವರದು ಮೂಗು ಮುರಿಯುವ ಕೆಲಸ. "ಇದರಲ್ಲೇನು ಮಹಾ? ನಮ್ಮ ಕಡುಬಿನ ಮುಂದೆ ಇದು ಯಾವ ಲೆಕ್ಕ? ನಮ್ಮ ಅಜ್ಜಿಯರು ಇದನ್ನೆಲ್ಲ ಎಂದೋ ಮಾಡಿ ಬಿಟ್ಟಿದ್ದಾರೆ" ಎನ್ನುತ್ತಾರೆ. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಇಬ್ಬರೂ ಉಂಡೆಯನ್ನು ನೋಡುತ್ತಿದ್ದಾರೆಯೇ ಹೊರತು ಅದರೊಳಗಿನ ಅನ್ನ ಎಲ್ಲಿಯದು, ಯಾರ ಪಾಲಿನದು ಎಂದು ಯಾರೂ ಕೇಳುತ್ತಿಲ್ಲ.

ಮೊದಲು ಮೂಗು ಮುರಿಯುವವರಿಗೆ ಎರಡು ಮಾತು. ಅರಾಂಚಿನಿ ಎಂದರೆ ಪುಟ್ಟ ಕಿತ್ತಳೆ ಎಂದರ್ಥ. ಕರಿದ ಉಂಡೆಯ ಬಣ್ಣ, ಆಕಾರ ನೋಡಿ ಇಟ್ಟ ಹೆಸರು. ಕಿತ್ತಳೆಗೆ ಇಟಲಿಯವರ ಮಾತು 'ಅರಾಂಚ'. ಅದು ಅರಬರ 'ನಾರಂಜ್', ಅದರ ಹಿಂದೆ ಪಾರಸಿ, ಅದಕ್ಕೂ ಹಿಂದೆ ಸಂಸ್ಕೃತದ 'ನಾರಂಗ'. 827ರಲ್ಲಿ ಅರಬರು ಸಿಸಿಲಿ ದ್ವೀಪಕ್ಕೆ ಕಾಲಿಟ್ಟ ಮೇಲೆ ಕಿತ್ತಳೆಯೂ ಭತ್ತವೂ ಅಲ್ಲಿಗೆ ಹೋದವು ಎನ್ನುತ್ತಾರೆ. ಹಾಗಾದರೆ ಹೆಸರೂ ಅಕ್ಕಿಯೂ ನಮ್ಮ ದಿಕ್ಕಿನಿಂದ ಹೊರಟು, ಊರು ಸುತ್ತಿ, ಮನೆಗೆ ಬಂದ ನೆಂಟರಂತೆ ಹಿಂದಿರುಗಿವೆ. ನೆಂಟರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತನಾಡಿಸುವುದು ಮಲೆನಾಡಿನ ರೀತಿಯಲ್ಲ. ಜಗಳದಲ್ಲಿಯೂ ಅವರು ನಮ್ಮಂಥವರೇ. ಪಲೆರ್ಮೊ ಊರಿನವರು ಇದನ್ನು ಸ್ತ್ರೀಲಿಂಗದಲ್ಲಿ ಅರಾಂಚಿನ ಎನ್ನುತ್ತಾರೆ, ಕತಾನಿಯದವರು ಪುಲ್ಲಿಂಗದಲ್ಲಿ ಅರಾಂಚಿನೊ ಎನ್ನುತ್ತಾರೆ. ಕೊನೆಗೆ 2016ರಲ್ಲಿ ಆ ದೇಶದ ಭಾಷಾ ಅಕಾಡೆಮಿಯೇ ಎರಡೂ ಸರಿಯೆಂದು ಹೇಳಬೇಕಾಯಿತು.

ಇನ್ನು "ನಮ್ಮದೆಲ್ಲ ಮೊದಲಿನಿಂದ ವೀಗನ್ನೇ" ಎಂಬ ಹೆಮ್ಮೆ. ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1944ರಲ್ಲಿ. ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಮುಟ್ಟದ ಕೆಲವರು ತಮಗೊಂದು ಹೆಸರು ಬೇಕೆಂದು ಕಟ್ಟಿಕೊಂಡದ್ದು. ನಮ್ಮ ಸೊರಬ, ಸಾಗರದ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯಿಡೀ ಅಡುಗೆ ಮಾಡಿ, ಬಸುರಿಯಾದ ಭತ್ತದ ಗದ್ದೆಗೆ ಬಯಕೆ ಬಡಿಸುತ್ತಾರಲ್ಲ, ಆ ಬುಟ್ಟಿಯಲ್ಲಿ ಹೋಗುವ ಕಡುಬಿಗೆ ಅಕ್ಕಿ, ಸೌತೆಕಾಯಿ, ಬೆಲ್ಲವಿದ್ದರೆ ಸಾಕು, ಹಾಲು ಬೇಡ. ಅದು ನಿಜ. ಆದರೆ ಅದರಿಂದ ನಮ್ಮ ಅಡುಗೆಮನೆಯೆಲ್ಲ ವೀಗನ್ ಆಗಲಿಲ್ಲ. ತುಪ್ಪವಿಲ್ಲದ ಹೋಳಿಗೆ, ಮಜ್ಜಿಗೆಯಿಲ್ಲದ ಊಟ ನಮ್ಮಲ್ಲಿ ಯಾರ ಮನೆಯಲ್ಲಿ ನಡೆದೀತು? ಇಲ್ಲದ ಹಿರಿಮೆಯನ್ನು ಅಜ್ಜಿಯರ ತಲೆಗೆ ಕಟ್ಟುವ ಬದಲು, ಅವರು ಏನು ಉಂಡರು ಎಂದು ವಿಚಾರಿಸುವುದು ಒಳ್ಳೆಯದು.

ಅವರು ಉಂಡದ್ದು ತಂಗಳು. ಈ ಮಾತಿಗಾಗಿಯೇ ನಾನು ಪೆನ್ನು ಹಿಡಿದದ್ದು. ಅನ್ನ ದೇವರು, ಅನ್ನವನ್ನು ಚೆಲ್ಲಬಾರದು ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಗಂಡಸರೂ ಹೇಳುತ್ತಾರೆ, ಬಹಳ ಗಂಭೀರವಾಗಿಯೇ ಹೇಳುತ್ತಾರೆ. ಆದರೆ ರಾತ್ರಿ ಉಳಿದ ಆ ದೇವರನ್ನು ಬೆಳಿಗ್ಗೆ ತಟ್ಟೆಗೆ ಹಾಕಿಕೊಳ್ಳುವವರು ಯಾರು? ಯಜಮಾನರಿಗೆ ಬಿಸಿ ದೋಸೆ, ಮಕ್ಕಳಿಗೆ ಬಿಸಿ ರೊಟ್ಟಿ, ಮನೆಯಾಕೆಗೆ ನಿನ್ನೆಯ ಅನ್ನ, ಅದಕ್ಕೊಂದಿಷ್ಟು ಮಜ್ಜಿಗೆ, ಉಪ್ಪಿನಕಾಯಿ. ಫ್ರಿಜ್ ಬಂದ ಮೇಲೆ ಇದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೊದಲು ಒಂದು ದಿನದ ತಂಗಳು, ಈಗ ಮೂರು ದಿನದ್ದು. ಕಾಲೇಜು ಓದಿದವಳೂ, ಕೈತುಂಬ ಸಂಬಳ ತರುವವಳೂ ಇದಕ್ಕೆ ಹೊರತಲ್ಲ. ಯಾರೂ ಬಲವಂತ ಮಾಡುವುದಿಲ್ಲ ನೋಡಿ. "ನನಗೆ ತಂಗಳೇ ಇಷ್ಟ" ಎಂದು ಅವಳೇ ಹೇಳುತ್ತಾಳೆ. ಇಷ್ಟವೋ ಅಭ್ಯಾಸವೋ ಅವಳಿಗೂ ತಿಳಿಯದಷ್ಟು ಅದು ಹಳೆಯದಾಗಿದೆ.

ನಮ್ಮ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗಕ್ಕಾಗಿ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರದು ದೊಡ್ಡ ಕೊಳಗ. ಆ ಅಳತೆ ಸರಿಯಿಲ್ಲ ಎಂಬಲ್ಲಿಂದ ಶುರುವಾದ ಮಾತು ಸತ್ಯಾಗ್ರಹವಾಗಿ, ನಾಡಿನ ಭೂಸುಧಾರಣೆಗೇ ದಾರಿಯಾಯಿತು. ಇಟಲಿಯ ಉತ್ತರದಲ್ಲಿ ಭತ್ತದ ಗದ್ದೆಯ ಕಳೆ ಕೀಳುತ್ತಿದ್ದವರು ಹೆಂಗಸರು, ನಮ್ಮಲ್ಲಿ ಸಸಿ ನೆಡುವವರ ಹಾಗೆಯೇ ಮೊಣಕಾಲುದ್ದ ನೀರಿನಲ್ಲಿ ಬೆನ್ನು ಬಗ್ಗಿಸಿದವರು. ವೆರ್ಚೆಲ್ಲಿ ಸೀಮೆಯಲ್ಲಿ 1906ರಲ್ಲಿ ಅವರು ಮುಷ್ಕರ ಹೂಡಿ, ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಹಕ್ಕನ್ನು ಪಡೆದರು. ಗದ್ದೆಯಲ್ಲಿ ಅಳತೆಗಾಗಿ ಹೋರಾಡಿದವರಿದ್ದಾರೆ. ಅಡುಗೆಮನೆಯ ಸೌಟಿನ ಅಳತೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಕಾರಣಕ್ಕೇ ನಾನು ಅನ್ನದುಂಡೆಯ ಪಕ್ಷ ವಹಿಸುತ್ತೇನೆ. ಇಟಲಿಯ ಮನೆಗಳಲ್ಲಿ ಹಿಂದಿನ ದಿನ ಉಳಿದ ಅನ್ನವೂ ಈ ಉಂಡೆಯಾಗುತ್ತದೆ; ಆದ ಮೇಲೆ ಅದನ್ನು ಮನೆಮಂದಿಯೆಲ್ಲ ತಿನ್ನುತ್ತಾರೆ. ಉಳಿದದ್ದು ಒಬ್ಬಳ ಪಾಲಾಗದೆ ಎಲ್ಲರ ತಿಂಡಿಯಾಗುವುದು ಇದರ ದೊಡ್ಡ ಗುಣ. ನಮ್ಮ ಚಿತ್ರಾನ್ನಕ್ಕೂ ಆ ಗುಣವಿದೆ. ಆದರೆ ಎಷ್ಟೋ ಮನೆಗಳಲ್ಲಿ ಚಿತ್ರಾನ್ನಕ್ಕೂ "ಬಿಸಿ ಅನ್ನವೇ ಮಾಡು" ಎಂಬ ಅಪ್ಪಣೆ ಇರುತ್ತದೆ. ಉಂಡೆಗೆ ಆ ಮಾತು ನಡೆಯುವುದಿಲ್ಲ.

ಪೊಟ್ಟಣದ ಪಕ್ಷದವರಿಗೂ ಇಲ್ಲೇ ಉತ್ತರವಿದೆ. ಇಟಲಿಯ ಅಕ್ಕಿ ಅಂಟುವುದು ಅದರ ಪಿಷ್ಟದ ಗುಣದಿಂದ. ಉದುರುದುರಾಗುವ ಸೋನಾ ಮಸೂರಿಗೆ ಅದು ಅಷ್ಟಿಲ್ಲ. ಆದರೆ ನಮ್ಮ ಗದ್ದೆಯ ದಪ್ಪ ಅಕ್ಕಿಯನ್ನೋ, ದೋಸೆಗಷ್ಟೇ ಸೈ ಎಂದು ಮೂಲೆಗಿಟ್ಟ ರೇಷನ್ ಅಕ್ಕಿಯನ್ನೋ ನೀರು ಹೆಚ್ಚು ಹಾಕಿ ಮೆತ್ತಗೆ ಬೇಯಿಸಿದರೆ ಉಂಡೆ ಚೆನ್ನಾಗಿ ನಿಲ್ಲುತ್ತದೆ. ರಾತ್ರಿ ಉಳಿದ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನವೇ ಬಳಸಿ. ಹೊರಗೇ ಉಳಿದು ಹಳಸಿದ್ದನ್ನು ಮಾತ್ರ ಉಂಡೆ ಮಾಡಲು ಹೋಗಬೇಡಿ, ಹೊಟ್ಟೆ ಕೆಡುತ್ತದೆ. ತಣ್ಣಗಿನ ಅನ್ನ ಬಿರುಸಾಗಿರುತ್ತದೆ. ಹಬೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಉಪ್ಪು, ಚಿಟಿಕೆ ಅರಿಸಿನ, ಮೂರು ಲೋಟ ಅನ್ನಕ್ಕೆ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ, ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಿರಿ. ಅವರು ಬಣ್ಣಕ್ಕೆ ಕೇಸರಿ ಹಾಕುತ್ತಾರೆ; ನಮಗೆ ಅರಿಸಿನ ಸಾಕು.

ಹೂರಣಕ್ಕೆ ಈರುಳ್ಳಿ, ಟೊಮೆಟೊ, ಬೆಂದ ಬಟಾಣಿ, ಕಾಳುಮೆಣಸು. ಎಳೆ ಹಲಸಿನ ಕಾಲವಾದರೆ ಅದನ್ನು ಬೇಯಿಸಿ, ಜಜ್ಜಿ ಹಾಕಿ. ಮಾಂಸದ ಜಾಗವನ್ನು ಅದು ಧಾರಾಳವಾಗಿ ತುಂಬುತ್ತದೆ. ಚೀಸಿನ ಜಿಡ್ಡಿಗೆ ಬದಲು ನಾಲ್ಕು ಗೋಡಂಬಿ, ಒಂದು ಹಿಡಿ ಕಾಯಿತುರಿ ನುಣ್ಣಗೆ ಅರೆದು ಸೇರಿಸಿ. ನೀರಿನಂಶ ಆರುವವರೆಗೆ ಬಾಡಿಸಿ. ಒದ್ದೆ ಹೂರಣ ಉಂಡೆಯನ್ನು ಒಡೆಯುತ್ತದೆ. ಮೊಟ್ಟೆಯ ಬದಲಿಗೆ ತೆಳ್ಳಗೆ ಕಲಸಿದ ಕಡಲೆಹಿಟ್ಟು. ಹೊರಗೆ ರಸ್ಕಿನ ಪುಡಿಯಾದರೆ ಅದರಲ್ಲಿ ಹಾಲು ಸೇರಿರಬಹುದು. ಚಿರೋಟಿ ರವೆಯಾದರೆ ಆ ಅನುಮಾನವಿಲ್ಲ. ಬಾಣಲೆಯಲ್ಲಿ ಕರಿಯಬಹುದು. ಎಣ್ಣೆ ಬೇಡವೆನ್ನುವವರು ಸಣ್ಣ ಉಂಡೆ ಮಾಡಿ ಪಡ್ಡಿನ ಕಾವಲಿಯಲ್ಲಿ ಹನಿ ಎಣ್ಣೆ ಬಿಟ್ಟು ತಿರುವಿ ಹಾಕಬಹುದು. ಅಂಗಡಿ ಸುತ್ತುವ ಅಗತ್ಯ ಎಲ್ಲಿದೆ?

"ಇದೂ ನಮ್ಮ ಕೈಗೆ ಹೊಸ ಕೆಲಸವೇ ಅಲ್ಲವೇ ಟೀಚರ್? ತಂಗಳು ತಿಂದು ಏಳುವುದೇ ಸುಲಭ" ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮನೆಯಾಕೆ ಒಬ್ಬಳೇ ಒಲೆಯ ಮುಂದೆ ನಿಂತು ಇಪ್ಪತ್ತು ಉಂಡೆ ಕಟ್ಟಿ ಎಲ್ಲರಿಗೂ ಬಡಿಸುವುದಾದರೆ ಅರಾಂಚಿನಿಯಿಂದ ಯಾವ ಉಪಕಾರವೂ ಇಲ್ಲ. ತಂಗಳಿನ ಜೊತೆಗೆ ದಣಿವೂ ಅವಳಿಗೇ. ಆದರೆ ಉಂಡೆ ಕಟ್ಟಲು ವಿದ್ಯೆ ಬೇಡ. ನಾಲ್ಕನೇ ಕ್ಲಾಸಿನ ಹುಡುಗನಿಗೂ ಬರುತ್ತದೆ, ಪಿಂಚಣಿ ಬರುವ ಯಜಮಾನರಿಗೂ ಬರುತ್ತದೆ. ಅಂಗೈ ಒದ್ದೆ ಮಾಡಿಕೊಂಡರೆ ಸಾಕು. ಪಾತ್ರೆಯನ್ನು ನಡುಮನೆಗೆ ತಂದಿಟ್ಟು ಎಲ್ಲರನ್ನೂ ಕೂರಿಸಿ. ಹಾಲು ಬಿಟ್ಟ ಹುಡುಗಿಯನ್ನು ಹಂಗಿಸುವುದನ್ನು ನಿಲ್ಲಿಸಿ. ಅವಳು ತನ್ನ ತಟ್ಟೆಯಲ್ಲಿ ಏನಿರಬೇಕೆಂದು ತಾನೇ ತೀರ್ಮಾನಿಸಿದ್ದಾಳೆ. ನಮ್ಮ ತಲೆಮಾರಿನ ಹೆಂಗಸರಿಗೆ ಅಷ್ಟು ಸ್ವಾತಂತ್ರ್ಯವಾದರೂ ಎಲ್ಲಿತ್ತು?

ಹೆಸರು ಅರಾಂಚಿನಿಯೋ, ಅನ್ನದ ಕಡುಬೋ, ಏನಾದರೂ ಇಟ್ಟುಕೊಳ್ಳಿ. ಉಳಿದ ಅನ್ನ ದೇವರೇ ಆಗಿದ್ದರೆ, ಪ್ರಸಾದ ಎಲ್ಲರ ತಟ್ಟೆಗೂ ಬೀಳಲಿ.